ಗುರುಗಳು ಬಿಟ್ಟುಹೋದ ದನಿ

ಅಕ್ಟೋಬರ್ 14, ಸೋಮವಾರ

ನಮ್ಮ ಮಹಡಿಯಲ್ಲಿ ಇವತ್ತು ಹನ್ನೊಂದು ಜನಕ್ಕೆ ‘ಪದವಿ’ ಸಿಕ್ಕಿತು. ಕೆಲಸದಿಂದ ತೆಗೆಯುವುದಕ್ಕೆ ನಮ್ಮ ಕಂಪನಿ ಇಟ್ಟಿರುವ ಹೆಸರು ಅದು. ಹನ್ನೊಂದನೆಯವರು ಲಿಯಾಂಗ್ ವೆನ್‌ಹಾಯ್. ನನ್ನ ಗುರುಗಳು. ಒಂಬತ್ತು ವರ್ಷದ ಹಿಂದೆ ನಾನು ಸೇರಿದ ದಿನ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವರು.

ಹಾಂಗ್‌ಝೌ ನಗರದ ಇಪ್ಪತ್ತು ಸಾವಿರ ಲಿಫ್ಟುಗಳ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ಎಲ್ಲೋ ಒಂದು ಕೆಟ್ಟು ನಿಂತರೆ ಮೆಕ್ಯಾನಿಕ್ ಹೋಗಿ ಸರಿಮಾಡುತ್ತಾನೆ. ಆಮೇಲೆ ಅದನ್ನು ಮತ್ತೆ ಓಡಿಸಬಹುದೋ ಬಾರದೋ ಎಂದು ನಮ್ಮ ಪರದೆ ಲೆಕ್ಕ ಹಾಕಿ ಹೇಳುತ್ತದೆ. ನಾವು ಗುಂಡಿ ಒತ್ತಿದರೆ ಲಿಫ್ಟ್ ಚಲಿಸುತ್ತದೆ. ಆ ಲೆಕ್ಕದ ನಿಯಮಗಳನ್ನೆಲ್ಲ ಹನ್ನೆರಡು ವರ್ಷ ಕೂತು ಬರೆದವರು ಗುರುಗಳು.

ಮ್ಯಾನೇಜರ್ ತಾಂಗ್‌ಗೆ ಮೂವತ್ತೊಂದು ವರ್ಷ. ನಯವಾಗಿಯೇ ಹೇಳಿದ. “ಲಿಯಾಂಗ್ ಅಣ್ಣ, ಇನ್ನೂ ಮೂವತ್ತು ದಿನ ಇದೆ. ನಿಮ್ಮ ತಲೇಲಿರೋದನ್ನೆಲ್ಲ ಹೇಳ್ಬಿಡಿ. ಯಿನ್ ಕೇಳ್ತಾಳೆ,” ಎಂದು ನನ್ನ ಕಡೆ ಕೈ ತೋರಿಸಿದ. “ಯಂತ್ರ ಕೇಳಿಸ್ಕೊಳ್ಳುತ್ತೆ.”

ಗುರುಗಳು ನಕ್ಕರು. “ನಲವತ್ತಮೂರನೇ ವಯಸ್ಸಿಗೆ ಪದವಿ. ನಮ್ಮಮ್ಮ ಇದ್ದಿದ್ರೆ ಕೇರಿಗೆಲ್ಲ ಸಿಹಿ ಹಂಚ್ತಿದ್ಲು.”

ಯಾರೂ ನಗಲಿಲ್ಲ. ಮನೆಗೆ ಬಂದು ಹೇಳಿದಾಗ ಹಾನ್ ಬೋ ಕೇಳಿದ ಮೊದಲ ಮಾತು: “ನಿಂದಲ್ಲ ತಾನೆ?” ನನ್ನದಲ್ಲ ಅಂದೆ. ಗಂಡ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಬಿಟ್ಟೆ.

ಅಕ್ಟೋಬರ್ 29, ಮಂಗಳವಾರ

ದಿನಕ್ಕೆ ಆರು ಗಂಟೆ ಸಣ್ಣ ಕೋಣೆಯಲ್ಲಿ ಗುರುಗಳೂ ನಾನೂ. ನಡುವೆ, ಕೇಳಿ ಕಲಿಯುವ ಯಂತ್ರದ ಮೈಕು. ನಾನು ಪ್ರಶ್ನೆ ಓದುತ್ತೇನೆ, ಅವರು ಉತ್ತರ ಹೇಳುತ್ತಾರೆ. ತಮ್ಮ ದನಿಯನ್ನೂ ಕಂಪನಿಗೆ ಬರೆದುಕೊಟ್ಟಿದ್ದಾರೆ. ಇನ್ನು ಮುಂದೆ ಯಂತ್ರ ಮೆಕ್ಯಾನಿಕ್‌ಗಳ ಜೊತೆ ಅವರ ದನಿಯಲ್ಲೇ ಮಾತಾಡುತ್ತದಂತೆ. ಸಹಿ ಹಾಕದಿದ್ದರೆ ಪರಿಹಾರ ತಡವಾಗುತ್ತದೆ ಎಂದು ತಾಂಗ್ ಹೇಳಿದನಂತೆ. ಗುರುಗಳ ಮಗ ಬರುವ ವರ್ಷ ಕಾಲೇಜಿಗೆ.

ಗುಯಿಹುವಾ ಹೂವಿನ ಕಾಲ. ಕಿಟಕಿ ತೆರೆದರೆ ಗಾಳಿಯೆಲ್ಲ ಸಿಹಿ. ಶಬ್ದ ಒಳಗೆ ಬರುತ್ತದೆಂದು ಕಿಟಕಿ ಮುಚ್ಚಿಸಿದ್ದಾರೆ.

ಇವತ್ತು ಲಿಫ್ಟಿನ ಬಾಗಿಲುಗಳ ಸರದಿ. “ಹಳೆಯ ಕಟ್ಟಡಗಳಲ್ಲಿ ಬಾಗಿಲು ಮುಚ್ಚಿದೆ ಅಂತ ಪರದೆ ಹೇಳಿದರೆ ನಂಬಬಹುದೇ?” ಎಂದು ಓದಿದೆ. ಗುರುಗಳು ಚಹಾದ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಆಮೇಲೆ, “ಮುಚ್ಚಿದೆ ಅಂದ್ರೆ ಮುಚ್ಚಿದೆ. ಅಷ್ಟೇ. ಮುಂದಿಂದು ಓದು” ಅಂದರು. ಬಿಸಿನೀರು ತರುತ್ತೇನೆಂದು ಎದ್ದು ಹೋದವರು ತುಂಬಾ ಹೊತ್ತು ಬರಲಿಲ್ಲ. ಪಾಪ, ದಣಿದಿದ್ದಾರೆ.

ನವೆಂಬರ್ 13, ಬುಧವಾರ

ಗುರುಗಳು ಹೋದರು. ಒಂದು ರಟ್ಟಿನ ಪೆಟ್ಟಿಗೆ, ಒಂದು ಕುರ್ಚಿ ದಿಂಬು. ಬಾಗಿಲ ತನಕ ಹೋದೆ. “ಏನಾದ್ರೂ ಕಷ್ಟ ಆದ್ರೆ ಫೋನ್ ಮಾಡು. ನಂಬರ್ ಬದಲಾಯಿಸಲ್ಲ ನಾನು” ಅಂದರು. ಅದನ್ನೇ ಎರಡು ಸಲ ಹೇಳಿದರು.

ನವೆಂಬರ್ 18, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಮಾತಾಡಿತು. ಅದೇ ದನಿ, ಮೂಗಿನೊಳಗಿಂದ ಬರುವ ಅದೇ ಶಾವೊಶಿಂಗ್ ಕಡೆಯ ರಾಗ. ಖಾಲಿ ಕುರ್ಚಿಯ ಕಡೆ ಎಲ್ಲರೂ ತಿರುಗಿ ನೋಡಿದರು. ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಅಲ್ಲಿಗೂ ಕೇಳಿಸುತ್ತಿತ್ತು.

ಜನವರಿ 9, ಗುರುವಾರ

ತಿಂಗಳುಗಟ್ಟಲೆ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಹಾನ್ ಮನೆ ಮಾರಿಸುವ ದಲ್ಲಾಳಿ. ಒಂದು ಮನೆ ಮಾರಿಸಿ ವರ್ಷದ ಮೇಲಾಯಿತು. ಈಗ ಅಡುಗೆ ಅವನದೇ, ಮಗಳು ಯಾಯಾಳನ್ನು ಶಾಲೆಗೆ ಬಿಡುವುದೂ ಅವನೇ. ಅತ್ತೆ ಫೋನಿನಲ್ಲಿ, “ಕಂಪ್ಯೂಟರ್ ಓದಿದ ಸೊಸೆ ತಂದ್ಕೊಂಡ್ರೆ ಮೂರು ತಲೆಮಾರು ಅನ್ನಕ್ಕೆ ಯೋಚನೆ ಇಲ್ಲ ಅಂತ ಊರೆಲ್ಲ ಹೇಳಿದ್ದೆ. ನನ್ನ ಮಾತು ಉಳಿಸಮ್ಮ” ಅಂದರು. ತಮಾಷೆಗೇ ಅಂದದ್ದು.

ಕಚೇರಿಯಲ್ಲಿ ಮೇಜಿನ ಮೇಲಿನ ಗುರುಗಳ ಜೊತೆಗೇ ಈಗ ಮಾತು. ಯಂತ್ರಕ್ಕೆ ಹಾಗೆ ಹೆಸರಿಟ್ಟಿದ್ದೇನೆ. ಕೇಳಿದ್ದಕ್ಕೆ ಬೇಸರಿಸಿಕೊಳ್ಳುವುದಿಲ್ಲ. ಬೈಯುವುದಿಲ್ಲ. ಮೊದಲಿನ ಗುರುಗಳು ಒಂದೇ ಪ್ರಶ್ನೆ ಎರಡನೇ ಸಲ ಕೇಳಿದರೆ, “ತಲೆ ಮನೇಲಿ ಬಿಟ್ಟು ಬಂದ್ಯಾ?” ಅನ್ನುತ್ತಿದ್ದರು.

ಮಾರ್ಚ್ 20, ಗುರುವಾರ

ಗೋಂಗ್‌ಶು ಕಡೆಯ ಹಳೆಯ ವಠಾರಕ್ಕೆ ತಪಾಸಣೆಗೆಂದು ಹೋಗಿದ್ದೆ. ಲಿಫ್ಟಿನ ಮುಂದೆ ನೀಲಿ ಅಂಗಿ ತೊಟ್ಟ ಇಬ್ಬರು ಮೆಕ್ಯಾನಿಕ್‌ಗಳು ನೆಲದ ಮೇಲೆ ಕೂತು ಆವಿಯಲ್ಲಿ ಬೇಯಿಸಿದ ಬನ್ನು ತಿನ್ನುತ್ತಿದ್ದರು. ಒಬ್ಬರು ಲಿಯಾಂಗ್ ವೆನ್‌ಹಾಯ್. ಉಗುರಿನಲ್ಲೆಲ್ಲ ಗ್ರೀಸು.

“ಏನಮ್ಮಾ, ಹಾಗೆ ನೋಡ್ತೀಯ? ಪರೀಕ್ಷೆ ಪಾಸು ಮಾಡ್ಕೊಂಡೇ ಬಂದಿರೋದು,” ಅಂದರು. “ಹನ್ನೆರಡು ವರ್ಷ ಬರೀ ಪರದೇಲಿ ನೋಡಿದ್ದೆ. ಈಗ ಒಳಗೇ ಇಳೀತೀನಿ.”

ಐವತ್ತೆಂಟು ಕಂಪನಿಗೆ ಅರ್ಜಿ ಹಾಕಿದ್ದರಂತೆ. ವಯಸ್ಸು ನೋಡಿ ಯಾರೂ ಕರೆಯಲಿಲ್ಲವಂತೆ. ಅಷ್ಟರಲ್ಲಿ ಅವರ ಎದೆಯ ಮೇಲಿನ ಫೋನಿನಿಂದ ಗುರುಗಳು ಮಾತಾಡಿದರು: “ಮೂರನೇ ಲಿಫ್ಟ್ ಸಿದ್ಧ. ಎಲ್ಲರೂ ದೂರ ಸರಿಯಿರಿ.” ತಮ್ಮದೇ ದನಿಗೆ ಲಿಯಾಂಗ್ ವೆನ್‌ಹಾಯ್, “ಆಯ್ತು ಸ್ವಾಮಿ” ಅಂತ ಎದ್ದು ನಿಂತರು. ಜೊತೆಗಿದ್ದ ಮುದುಕ ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕ. ದಿನಾ ಇದೇ ತಮಾಷೆ ಇರಬೇಕು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೆಲಸವಿದೆ ಎಂದು ಬಂದುಬಿಟ್ಟೆ. “ಎಲ್ಲ ಸರಿಯಾಗಿ ನಡೀತಿದ್ಯಾ ಅಲ್ಲಿ? ಏನೂ ತೊಂದ್ರೆ ಇಲ್ವಾ?” ಎಂದು ಹಿಂದಿನಿಂದ ಕೂಗಿ ಕೇಳಿದರು. ಏನೂ ಇಲ್ಲ ಅಂದೆ. ಯಾಕೋ ಅವರ ಮುಖ ಇಳಿದುಹೋಯಿತು.

ಮೇ 11, ಭಾನುವಾರ

ನನಗೆ ಮೂವತ್ತೈದು ತುಂಬಿತು. ಹಾನ್ ಉದ್ದ ಶಾವಿಗೆ ಬೇಯಿಸಿ ಮೇಲೊಂದು ಮೊಟ್ಟೆ ಇಟ್ಟು ಕೊಟ್ಟ. ಸರ್ಕಾರಿ ಪರೀಕ್ಷೆ ಕಟ್ಟುವ ವಯಸ್ಸು ಮುಗಿಯಿತಲ್ಲ ಎಂದು ಅತ್ತೆ ಬೇಸರಪಟ್ಟರು.

ತಾಂಗ್ ಹೊಸ ಪದ್ಧತಿ ತಂದಿದ್ದಾನೆ. ಗುರುಗಳು ‘ಸರಿ’ ಅಂದ ಮೇಲೆ ಮೂರು ನಿಮಿಷದೊಳಗೆ ಗುಂಡಿ ಒತ್ತದಿದ್ದರೆ ಒಂದು ಕೆಂಪು ಗುರುತು. ಮೂರು ಗುರುತಾದರೆ ಪದವಿ. ಗುರುಗಳು ಹೇಳಿದ ಮೇಲೆ ಮನುಷ್ಯ ಯೋಚಿಸುವುದಕ್ಕೇನಿದೆ ಎಂಬುದು ಅವನ ವಾದ. ತಪ್ಪೇನೂ ಇಲ್ಲ. ಗುರುಗಳು ಇದುವರೆಗೆ ಒಂದೂ ತಪ್ಪು ಹೇಳಿಲ್ಲ.

ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಯಾಯಾ ಬಂದು, “ಅಮ್ಮಾ, ಯಾರಿಗೆ ‘ಹೂಂ ಗುರುಗಳೇ’ ಅಂತಿದ್ದೀಯ?” ಅಂದಳು. ನಾನು ಹಾಗೆ ಅಂದಿರಲಿಲ್ಲ. ಮಕ್ಕಳು ಏನೇನೋ ಕೇಳಿಸಿಕೊಳ್ಳುತ್ತಾರೆ.

ಜೂನ್ 12, ಗುರುವಾರ

ಮಳೆ ಹಿಡಿದು ಆರು ದಿನ. ಗೋಡೆಗಳೆಲ್ಲ ಬೆವರುತ್ತಿವೆ. ಎರಡನೇ ಕೆಂಪು ಗುರುತು ಬಿತ್ತು. ಹಾನ್‌ಗೆ ಹೇಳಿಲ್ಲ.

ಜೂನ್ 17, ಮಂಗಳವಾರ

ಇವತ್ತು ಬರೆಯಲಾರೆ.

ಜೂನ್ 18, ಬುಧವಾರ

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಗೋಂಗ್‌ಶುವಿನ ಅದೇ ವಠಾರ, ಏಳನೇ ಮಹಡಿ. ಕೆಲಸ ಮುಗಿಯಿತೆಂದು ಕೆಳಗಿದ್ದ ಮುದುಕ ಮೆಕ್ಯಾನಿಕ್ ಫೋನಿನಲ್ಲಿ ಗುರುತು ಹಾಕಿದ. ಗುರುಗಳು, “ಬಾಗಿಲು ಮುಚ್ಚಿದೆ, ಲಿಫ್ಟ್ ಬಿಡಬಹುದು” ಅಂದರು. ನಾನು ಬೆರಳು ಗುಂಡಿಯ ಮೇಲಿಟ್ಟೆ. ಅಷ್ಟರಲ್ಲಿ ಮೇಜಿನ ಫೋನ್ ಹೊಡೆದುಕೊಂಡಿತು.

“ಬಿಡಬೇಡಿ! ಕೆಲಸ ಮುಗಿದಿಲ್ಲ. ಬಾಗಿಲು ಒಂದು ಗೇಣು ತೆಗೆದಿದೆ, ಕೈ ಒಳಗಿದೆ ನಂದು.”

ಅದೇ ದನಿ. ಎರಡೂ ಕಿವಿಯಲ್ಲಿ ಒಂದೇ ದನಿ. ಒಂದು ಬಿಡಬಹುದು ಅನ್ನುತ್ತಿತ್ತು, ಇನ್ನೊಂದು ಬಿಡಬೇಡ ಅನ್ನುತ್ತಿತ್ತು.

“ಪರದೇಲಿ ಮುಚ್ಚಿದೆ ಅಂತ ಇದೆಯಲ್ಲ,” ಅಂದೆ.

“ಯಾರದು, ಯಿನ್‌ನಾ? ಆ ಬಾಗಿಲು ಸುಳ್ಳು ಹೇಳ್ತಿದೆ ಕಣೆ. ಒಂದೇ ನಿಮಿಷ ತಡಿ.”

ಪರದೆಯ ಮೂಲೆಯಲ್ಲಿ ಎರಡು ನಿಮಿಷ ಐವತ್ತು ಸೆಕೆಂಡು. ಮೂರಾದರೆ ಮೂರನೇ ಗುರುತು. ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. ಇನ್ನೆಲ್ಲೂ ಬರೆಯಲಾರೆ.

“ಗುರುಗಳು ಸರಿ ಅಂದಿದ್ದಾರೆ,” ಅಂದೆ.

“ಯಾವ ಗುರುಗಳೇ?” ಅಂದರು.

ನಾನು ಒತ್ತಿದೆ.

ಜೂನ್ 20, ಶುಕ್ರವಾರ

ಬಲಗೈಯ ಮೂರು ಬೆರಳು ಹೋಗಿವೆ. ಜೀವಕ್ಕೇನೂ ಇಲ್ಲ.

ತಾಂಗ್ ವರದಿ ಬರೆದು ತಂದ. ‘ಸ್ಥಳದಲ್ಲಿದ್ದ ಮೆಕ್ಯಾನಿಕ್ ಸೂಚನೆ ಮೀರಿ ಕೈ ಹಾಕಿದ್ದರಿಂದ.’ ಫೋನಿನ ಮಾತು ಅದರಲ್ಲಿಲ್ಲ. ಮೇಜಿನ ಫೋನಿನ ಕರೆಗಳು ಎಲ್ಲಿಯೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತು. “ನಿಮ್ಮ ಮನೇಲಿ ದುಡಿಯೋರು ನೀವೊಬ್ಬರೇ ಅಲ್ವಾ ಯಿನ್ ಅಕ್ಕ?” ಅಂದ. ಬೆದರಿಸಿದ ಹಾಗೂ ಇರಲಿಲ್ಲ. ನಿಜವಾಗಿಯೂ ಕನಿಕರದಿಂದ ಕೇಳಿದ ಹಾಗಿತ್ತು.

ಸಹಿ ಹಾಕಿದೆ.

ಜೂನ್ 27, ಶುಕ್ರವಾರ

ಇಡೀ ದಿನ ಆ ದನಿ. ಕಿವಿಗೆ ಹತ್ತಿ ಇಟ್ಟುಕೊಂಡೆ. “ಕಿವಿ ನೋವಾ?” ಎಂದು ಪಕ್ಕದವಳು ಕೇಳಿದಳು. ಹೌದು ಅಂದೆ.

ಜುಲೈ 5, ಶನಿವಾರ

ಆಸ್ಪತ್ರೆಗೆ ಹೋದೆ. ಎರಡು ವಾರ ತಡಮಾಡಿದ್ದೆ. ಬಾಗಿಲಲ್ಲೇ ನಿಂತಿದ್ದೆ. ಅವರ ಹೆಂಡತಿ ಝೆನ್ ಕಂಡು ಒಳಗೆ ಕರೆದರು, ಕಲ್ಲಂಗಡಿ ಕತ್ತರಿಸಿ ಕೈಗಿಟ್ಟರು. ಕೈ ಹಾಕಿದ್ದು ಇವರದೇ ತಪ್ಪೆಂದು ವರದಿ ಇರುವುದರಿಂದ ಕೆಲಸ ಕೊಟ್ಟ ಗುತ್ತಿಗೆದಾರ ಪರಿಹಾರ ಕೊಡುವುದಿಲ್ಲ ಅನ್ನುತ್ತಿದ್ದಾನಂತೆ. “ಅದಕ್ಕೆ ಸಹಿ ಹಾಕಿದವರ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೋ,” ಅಂದರು ಝೆನ್. ಯಾರು ಹಾಕಿದ್ದೆಂದು ಅವರಿಗೆ ಗೊತ್ತಿಲ್ಲ. ನಾನು ಕಲ್ಲಂಗಡಿ ನುಂಗಿದೆ.

ಅವರು ನೀರು ತರಲು ಹೋದಾಗ ಮಂಚದಿಂದ ಮಾತು ಬಂತು.

“ಅಳಬೇಡ. ನಿನ್ನೊಬ್ಬಳದೇ ಅಲ್ಲ ಇದು. ಆ ಬಾಗಿಲ ಪ್ರಶ್ನೆ ನೆನಪಿದ್ಯಾ? ಸಣ್ಣ ಕೋಣೇಲಿ?”

ನೆನಪಿತ್ತು.

“ಲಿಫ್ಟ್ ಬಾಗಿಲಿನ ಹಳೇ ಬೀಗಕ್ಕೆ ಮಳೆಗಾಲದಲ್ಲಿ ತೇವ ಇಳಿದ್ರೆ, ತೆಗೆದಿದ್ರೂ ಮುಚ್ಚಿದೆ ಅನ್ನುತ್ತೆ. ಹನ್ನೆರಡು ವರ್ಷದಿಂದ ಗೊತ್ತು ನಂಗೆ. ಅದಕ್ಕೇ ಮಳೆ ಹಿಡಿದ್ರೆ ಒಬ್ಬೊಬ್ಬ ಮೆಕ್ಯಾನಿಕ್‌ಗೂ ಫೋನ್ ಮಾಡಿ ಕೈ ತೆಗೆದ್ಯಾ ಅಂತ ಕೇಳ್ತಿದ್ದೆ. ನೀವೆಲ್ಲ ನಗ್ತಿದ್ರಿ, ಅಜ್ಜಿ ಥರ ಆಡ್ತಾರೆ ಅಂತ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಸೂರು ನೋಡಿದರು.

“ಎಲ್ಲಾ ಕೊಟ್ಟುಬಿಟ್ರೆ ನಂದು ಅಂತ ಏನುಳೀತು? ಇದೊಂದು ಇಟ್ಕೊಂಡೆ. ಮಳೆ ಬರುತ್ತೆ, ಇವ್ರಿಗೆ ದಿಕ್ಕು ತೋಚಲ್ಲ, ಕರೀತಾರೆ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ ಅಂತ ಯೋಚನೆ ಬಂದಿತ್ತು. ಬಂದ್ರೂ ತಳ್ಳಿದೆ. ದಿನಾ ಫೋನ್ ನೋಡ್ತಿದ್ದೆ ಯಿನ್.” ಬ್ಯಾಂಡೇಜು ನೋಡಿಕೊಂಡು, “ಬೇರೆಯವರ ಕೈ ಆಗಿರಲಿಲ್ಲ, ಸದ್ಯ,” ಅಂದರು.

“ಕೈ ತೆಗೀಬಹುದಿತ್ತಲ್ಲ, ಫೋನ್ ಮಾಡೋ ಬದ್ಲು?”

“ಮುರಿದ ಕಬ್ಬಿಣದ ಪಟ್ಟಿ ಹಿಡಿದಿದ್ದೆ. ಬಿಟ್ಟಿದ್ರೆ ಕೆಳಗಿದ್ದ ಮುದುಕನ ತಲೆ ಮೇಲೆ ಬೀಳ್ತಿತ್ತು.”

ಹೊರಡುವಾಗ ಹೇಳಿದರು. “ಬೀಗದ ವಿಷಯ ನಾಳೆನೇ ಬರೆದು ಹಾಕು. ನಿನ್ನ ಹೆಸರಲ್ಲಿ. ನೀನೇ ಕಂಡುಹಿಡಿದೆ ಅನ್ನು, ಕೆಲಸ ಉಳಿಯುತ್ತೆ. ಆ ಗುಂಡಿ ವಿಷಯ ಬಾಯಿ ಬಿಡಬೇಡ. ನಾನೂ ಬಿಡಲ್ಲ. ಇಬ್ಬರೂ ಒಂದೊಂದು ಮುಚ್ಚಿಟ್ಕೊಳ್ಳೋಣ.”

ಸಹಿ ನನ್ನದೇ ಎಂದು ಹೇಳಲು ಬಾಯಿ ತೆರೆದೆ. ಝೆನ್ ನೀರು ತಂದರು.

ಜುಲೈ 16, ಬುಧವಾರ

ಬೀಗದ ನಿಯಮ ಸೇರಿಸಿದೆ. ತಾಂಗ್ ಎಲ್ಲರ ಮುಂದೆ ಹೊಗಳಿದ. ಇಡೀ ಪಾಳಿಗೆ ನನ್ನನ್ನು ಮುಖ್ಯಸ್ಥೆ ಮಾಡಿದ್ದಾರೆ. ಮೂವತ್ತೈದಾದ ಮೇಲೆ ಬಡ್ತಿ ಸಿಕ್ಕಿದವರು ಈ ಮಹಡಿಯಲ್ಲಿ ನಾನೊಬ್ಬಳೇ. ಹಾನ್ ಮೀನು ತಂದ. ಅತ್ತೆ ಫೋನಿನಲ್ಲಿ ಅತ್ತುಬಿಟ್ಟರು.

ಮಧ್ಯಾಹ್ನ ಮಳೆ ಬಂತು. ಯಂತ್ರ ಮೆಕ್ಯಾನಿಕ್ ಒಬ್ಬನಿಗೆ ಹೇಳಿತು: “ಹಳೆಯ ಬೀಗ, ತೇವ ಇದೆ. ಕೈ ತೆಗೆದಿದ್ದೀರಾ? ಬಾಯಿಬಿಟ್ಟು ಹೇಳಿ.” ಲಿಯಾಂಗ್ ವೆನ್‌ಹಾಯ್ ಆ ಕೋಣೆಯಲ್ಲಿ ಈ ಮಾತು ಆಡಲೇ ಇಲ್ಲ. ಆದರೂ ಅವರದೇ ದನಿ. ಆ ಒಂದು ಪ್ರಶ್ನೆಗೆ ಅವರು ಹೇಳದೇ ಉಳಿಸಿಕೊಂಡದ್ದನ್ನು ಅವರ ಗಂಟಲಿನಿಂದಲೇ ಹೇಳಿಸಿಬಿಟ್ಟಿದ್ದೇನೆ.

ಮೀನು ತಿಂದೆ.

ಜುಲೈ 30, ಬುಧವಾರ

ಮುಂದಿನ ತಿಂಗಳು ಹನ್ನೆರಡನೇ ತಾರೀಕು ಪರಿಹಾರದ ವಿಚಾರಣೆ. ಕಂಪನಿಯ ಕಡೆಯಿಂದ ನಾನೇ ಹೋಗಬೇಕು. ಸಹಿ ಹಾಕಿದವಳು ನಾನಲ್ಲವೇ.

ಹಾನ್‌ಗೆ ಇವತ್ತು ಎಲ್ಲ ಹೇಳಿದೆ. ಅಕ್ಕಿ ತೊಳೆಯುತ್ತಿದ್ದವನು ನಿಲ್ಲಿಸಿದ. ಕೂಗಾಡಲಿಲ್ಲ. “ನಿಜ ಹೇಳಿದ್ರೆ ಬೆರಳು ಬರುತ್ತಾ?” ಅಂದ. ಬರುವುದಿಲ್ಲ ಅಂದೆ. “ಸಾಲದ ಮನೆ ಹೋಗುತ್ತೆ.” ಹೌದು ಅಂದೆ. ಮತ್ತೆ ಅಕ್ಕಿ ತೊಳೆದ. ನಾಲ್ಕು ನೀರು, ಐದು ನೀರು, ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದ.

ಆಗಸ್ಟ್ 12, ಮಂಗಳವಾರ

ಸಣ್ಣ ಕೋಣೆ, ಉದ್ದ ಮೇಜು. ವಿಚಾರಣೆ ಮಾಡಿದ್ದು ಒಬ್ಬ ಹೆಂಗಸು, ನಮ್ಮ ಅತ್ತೆಯ ವಯಸ್ಸಿನವರು. ವರದಿ ಓದಿ, “ಇದು ನಿಮ್ಮ ಸಹಿನಾ?” ಅಂದರು.

ಝೆನ್ ತಿರುಗಿ ನೋಡಿದರು. ಆ ನೋಟವನ್ನು ವರ್ಣಿಸುವುದಿಲ್ಲ.

“ನಂದೇ. ಆದ್ರೆ ಅದರಲ್ಲಿ ಬರೆದಿರೋದು ಸುಳ್ಳು,” ಅಂದೆ. “ಗುರುಗಳು ಫೋನ್ ಮಾಡಿ ಬಿಡಬೇಡ ಅಂದ್ರು. ಕೈ ಒಳಗಿದೆ ಅಂತ ಹೇಳಿದ್ರು. ಕೇಳಿಸ್ಕೊಂಡೇ ನಾನು ಗುಂಡಿ ಒತ್ತಿದೆ.”

“ಯಾಕೆ ಒತ್ತಿದ್ರಿ?”

“ಕೆಲಸ ಹೋಗುತ್ತೆ ಅಂತ.”

“ಈಗ ಹೋಗಲ್ವಾ?”

“ಹೋಗುತ್ತೆ.”

ಆಕೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬರೆಯತೊಡಗಿದರು. ಬೀಗದ ವಿಷಯ ಯಾರೂ ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ. ಆದರೆ ಗುರುಗಳೇ ಎದ್ದು ನಿಂತರು. ಎಡಗೈಯಲ್ಲಿ ಮೇಜು ಹಿಡಿದುಕೊಂಡು, “ಇನ್ನೊಂದಿದೆ ಮೇಡಂ. ನಾನೂ ಒಂದು ಮುಚ್ಚಿಟ್ಟಿದ್ದೆ, ಬರ್ಕೊಳ್ಳಿ” ಅಂದರು. ಝೆನ್ ಅವರ ಅಂಗಿ ಹಿಡಿದು ಜಗ್ಗಿದರು. ಅವರು ಕೂರಲಿಲ್ಲ.

ಹೊರಗೆ ಬಂದ ಮೇಲೆ ನನ್ನ ಮೇಲೆ ರೇಗಿದರು. “ನಿಂಗೆ ಯಾರೇ ಹೇಳು ಅಂದಿದ್ದು? ಒಬ್ಬರಾದ್ರೂ ಉಳೀಲಿ ಅಂತಿದ್ದೆ. ತಲೆ ಮನೇಲಿ ಬಿಟ್ಟು ಬಂದ್ಯಾ?”

ಹತ್ತು ತಿಂಗಳಾಗಿತ್ತು ಆ ಬೈಗುಳ ಕೇಳಿ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆಗಸ್ಟ್ 29, ಶುಕ್ರವಾರ

ಪದವಿ ಸಿಕ್ಕಿತು. ಮೂವತ್ತು ದಿನದ ಮಾತು ಕೂಡ ಬೇಡವಂತೆ. ನನ್ನ ತಲೆಯಲ್ಲಿ ಇರುವುದೆಲ್ಲ ಆಗಲೇ ಯಂತ್ರದಲ್ಲಿದೆ ಎಂದ ತಾಂಗ್.

ಸೆಪ್ಟೆಂಬರ್ 21, ಭಾನುವಾರ

ಗುರುಗಳಿಗೆ ಪರಿಹಾರ ಮಂಜೂರಾಗಿದೆ. ಪೂರ್ತಿ ಅಲ್ಲ, ಮುಚ್ಚಿಟ್ಟದ್ದಕ್ಕೆ ಕಡಿತವಾಗಿದೆ. ಮಗನ ಕಾಲೇಜಿಗೆ ಸಾಕಾಗುತ್ತದಂತೆ.

ನಾವು ಮನೆ ಮಾರಾಟಕ್ಕಿಟ್ಟಿದ್ದೇವೆ. ಎರಡು ವರ್ಷದಲ್ಲಿ ಹಾನ್ ಕೈಗೆ ಬಂದ ಮೊದಲ ಗಿರಾಕಿ ನಮ್ಮ ಮನೆಗೇ. ಹೇಳಿಕೊಂಡು ಅವನೇ ನಕ್ಕ. ನಾನೂ ನಕ್ಕೆ. ನಾನು ಅರ್ಜಿ ಹಾಕಿದ ಕಡೆಯಲ್ಲೆಲ್ಲ ಮೊದಲು ವಯಸ್ಸು ಕೇಳುತ್ತಾರೆ. ಆಮೇಲೆ ಏನನ್ನೂ ಕೇಳುವುದಿಲ್ಲ.

ಇವತ್ತು ಝೆನ್ ನಮಗೆಂದು ಬರುವ ಹುಣ್ಣಿಮೆ ಹಬ್ಬದ ಹಂದಿಮಾಂಸದ ಚಂದ್ರಕಡುಬು ಮಾಡಿ ಗುರುಗಳ ಕೈಯಲ್ಲಿ ಕಳಿಸಿದ್ದರು. ಝೆನ್ ನನ್ನನ್ನು ಇನ್ನೂ ಮಾತಾಡಿಸುವುದಿಲ್ಲ, ಕಡುಬು ಮಾತ್ರ ಕಳಿಸುತ್ತಾರೆ. ಗುರುಗಳನ್ನು ಕರೆತರಲು ಕೆಳಗೆ ಹೋದೆ. ನಮ್ಮ ವಠಾರದ ಲಿಫ್ಟಿಗೂ ಹೋದ ವಾರ ಆ ದನಿ ಬಂದಿದೆ. ಈಗ ಅದು ಮೆಕ್ಯಾನಿಕ್‌ಗಳ ಜೊತೆ ಮಾತ್ರವಲ್ಲ, ಒಳಗೆ ನಿಂತವರ ಜೊತೆಗೂ ಮಾತಾಡುತ್ತದೆ. ಬಾಗಿಲು ತೆರೆಯಿತು. ಗುರುಗಳು ಒಳಗೆ ನೋಡಿದರು.

“ಮೆಟ್ಟಿಲಲ್ಲೇ ಹೋಗೋಣ,” ಅಂದರು.

ಹದಿನೈದು ಮಹಡಿ. ಒಂಬತ್ತನೆಯದರಲ್ಲಿ ಇಬ್ಬರಿಗೂ ಏದುಸಿರು. ಮೆಟ್ಟಿಲ ಮೇಲೆ ಕೂತೆವು. ಡಬ್ಬಿ ಅವರ ತೊಡೆಯ ಮೇಲಿತ್ತು, ಬಲಗೈ ಜೇಬಿನಲ್ಲಿತ್ತು. ಗೋಡೆಯ ಆಚೆಯಿಂದ ಲಿಫ್ಟ್ ಮೇಲೆ ಬರುತ್ತಿರುವ ಸದ್ದು. ಎಲ್ಲೋ ಕುಲುಕಿ ನಿಂತಿತು. ಒಳಗೆ ಒಂದು ಮಗು ಅತ್ತಿತು. ಆಮೇಲೆ ಆ ದನಿ, ನಿಧಾನವಾಗಿ, ಅಪ್ಪನ ಹಾಗೆ:

“ಹೆದರಬೇಡಿ. ನಾನಿದ್ದೇನೆ. ಹತ್ತು ಎಣಿಸಿ.”

ಮಗು ಅಳು ನಿಲ್ಲಿಸಿ ಎಣಿಸತೊಡಗಿತು. ಪಕ್ಕದಲ್ಲಿ ಗುರುಗಳ ತುಟಿಯೂ ಅಲುಗುತ್ತಿತ್ತು. ಅವರು ಆ ಮಗುವಿನ ಜೊತೆಗೇ ಎಣಿಸುತ್ತಿದ್ದರು. ಎಂಟಕ್ಕೆ ಲಿಫ್ಟ್ ಚಲಿಸಿತು. ಅದು ನಮ್ಮನ್ನು ದಾಟಿ ಮೇಲೆ ಹೋಗಿ ಸದ್ದಡಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.